ಕೀಳಲು ಬಾರದ ಉಣುಗು

ಮಳೆಗಾಲ ಮುಗಿದು ತೋಟದ ಕೆಲಸ ಶುರುವಾಯಿತೆಂದರೆ ನಮ್ಮ ಮನೆಯಲ್ಲಿ ಸಂಜೆಗೊಂದು ಕೆಲಸ ಹೆಚ್ಚು. ಸೊಪ್ಪಿನಬೆಟ್ಟವೆಲ್ಲ ತಿರುಗಿ ಬಂದ ನಾಯಿಯನ್ನು ಜಗಲಿಯಲ್ಲಿ ಮಲಗಿಸಿಕೊಂಡು, ಕಿವಿಯ ಬುಡ, ಕಂಕುಳು, ಕಾಲ್ಬೆರಳ ಸಂದಿ ತಡವಿ ಉಣುಗು ಹೆಕ್ಕಿ ಸೀಮೆಎಣ್ಣೆ ಬಟ್ಟಲಿಗೆ ಹಾಕುವುದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ನಮ್ಮ ಸೀಮೆಯವರಿಗೆ ಉಣುಗೆಂದರೆ ಹೆದರುವುದನ್ನು ಕಲಿಸಿದೆ. ನಮ್ಮ ಹುಂಚದ ಸುತ್ತಿನ ಹಳ್ಳಿಗಳಲ್ಲಿ ಈ ಹೆಕ್ಕುವ ಕೆಲಸ ತಿಳಿಯದ ಮನೆ ಇಲ್ಲವೆಂದೇ ಹೇಳಬೇಕು.

ಮೂರು ವರ್ಷದ ಹಿಂದೆ, ಕಾರ್ತಿಕದಲ್ಲಿ, ನಮ್ಮ ನಾಯಿ ಕರಿಯನ ಹಿಂಗಾಲಿನ ತೊಡೆಯ ಒಳಮಗ್ಗುಲಲ್ಲಿ ತೊಗರಿಕಾಳಿನಷ್ಟು ದಪ್ಪದ ಒಂದು ಉಣುಗು ಕೈಗೆ ಸಿಕ್ಕಿತು. ಎಳೆದೆ, ಬರಲಿಲ್ಲ. ಇನ್ನೂ ಬಲವಾಗಿ ಎಳೆದೆ. ಕರಿಯ ಕುಂಯ್ಗುಟ್ಟಿ ಎದ್ದುಹೋದ. ಬೆಳಿಗ್ಗೆ ನೋಡಿದರೆ ಆ ಜಾಗ ರೂಪಾಯಿಯಗಲ ಕೆಂಪಗೆ ಊದಿತ್ತು. ಸಂಜೆಯ ಹೊತ್ತಿಗೆ ಊತ ತಾನಾಗಿ ಇಳಿದು, ಮತ್ತೆ ಅದೇ ತೊಗರಿಕಾಳು ಉಳಿಯಿತು. ಟಾರ್ಚು ಹಿಡಿದು ನೋಡಿದೆ. ಅದಕ್ಕೆ ಕಾಲುಗಳಿರಲಿಲ್ಲ. ಅದು ಕರಿಯನ ಚರ್ಮವೇ ಆಗಿತ್ತು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕರಿಯನಿಗೂ ಮೊದಲು ನಮ್ಮ ಮನೆಯಲ್ಲಿ ಚೋಮ ಎಂಬ ನಾಯಿ ಇತ್ತು. ತೋಟಕ್ಕೆ ಬರುವ ಹಂದಿ, ಮಂಗಗಳನ್ನು ಹನ್ನೊಂದು ವರ್ಷ ಕಾದವನು. ಅವನ ಎದೆಯ ಪಕ್ಕ ಅಡಿಕೆಯಷ್ಟು ಗಂಟು ಎದ್ದಾಗ ಕೊಬ್ಬಿನ ಗಂಟಿರಬೇಕು, ವಯಸ್ಸಾಯಿತಲ್ಲ ಎಂದುಕೊಂಡೆ. ಗಂಟು ನಿಂಬೆಹಣ್ಣಿನಷ್ಟಾಯಿತು, ಒಡೆಯಿತು. ಯಾರೋ ಹೇಳಿದರೆಂದು ಗೇರೆಣ್ಣೆ ಹಚ್ಚಿದೆ, ಇನ್ಯಾರೋ ಹೇಳಿದರೆಂದು ಸುಣ್ಣ ಹಚ್ಚಿದೆ. ಅವನು ಅನ್ನ ಬಿಟ್ಟ ಮೇಲೆ ಡಾಕ್ಟರನ್ನು ಕರೆಸಿದೆ. ಅಷ್ಟರಲ್ಲಿ ಎಂಟು ತಿಂಗಳು ಕಳೆದಿತ್ತು. ಅವನಿಗೆ ಬಂದದ್ದು ಯಾವ ಜಾತಿಯ ಗಂಟೆಂದು ಕೊನೆಗೂ ಗೊತ್ತಾಗಲಿಲ್ಲ, ಏಕೆಂದರೆ ಪರೀಕ್ಷೆಯನ್ನೇ ಮಾಡಿಸಿರಲಿಲ್ಲ. ತೋಟದ ಮೇಲ್ಬದಿಯ ಹಲಸಿನ ಬುಡದಲ್ಲಿ ಅವನನ್ನು ಮಣ್ಣು ಮಾಡಿದ್ದೇವೆ.

ಹಾಗಾಗಿ ಮರುದಿನವೇ ಕರಿಯನನ್ನು ಓಮ್ನಿಯಲ್ಲಿ ಹತ್ತಿಸಿಕೊಂಡು ಪಶು ಆಸ್ಪತ್ರೆಗೆ ಹೋದೆ. ಅಲ್ಲಿದ್ದವರು ಸಣ್ಣ ಪ್ರಾಯದ ಡಾಕ್ಟರಮ್ಮ. ಮುಟ್ಟಿ ನೋಡಿ, "ಯಾವ ಗಂಟು ಅಂತ ಕೈಯಲ್ಲಿ ಮುಟ್ಟಿ ಹೇಳಕ್ಕಾಗಲ್ಲ ಗೌಡ್ರೇ, ಎಷ್ಟು ವರ್ಷದ ಅನುಭವ ಇದ್ರೂ ಆಗಲ್ಲ. ಸೂಜಿ ಹಾಕಿ ನೋಡ್ಬೇಕು" ಎಂದರು. ಸೂಜಿಯೆಂದರೆ ನಾವು ಇಂಜೆಕ್ಷನ್ನಿಗೆ ಬಳಸುವ ಸಾದಾ ಸೂಜಿಯೇ. ಮತ್ತು ಬರಿಸುವ ಔಷಧಿ ಬೇಡ, ಕೊಯ್ಯುವುದಿಲ್ಲ. ಗಂಟಿನೊಳಗೆ ಸೂಜಿ ತೂರಿಸಿ ನಾಲ್ಕಾರು ಬಾರಿ ಹಿಂದೆ ಮುಂದೆ ಆಡಿಸಿ, ಅದರಲ್ಲಿ ಸಿಕ್ಕಿದ್ದನ್ನು ಗಾಜಿನ ಪಟ್ಟಿಯ ಮೇಲೆ ಊದಿ, ಒಣಗಿಸಿ, ಬಣ್ಣ ಹಾಕಿದರು. ಕರಿಯ ನನ್ನ ಕೈ ನೆಕ್ಕುತ್ತ ನಿಂತಿದ್ದ. ಡಾಕ್ಟರಮ್ಮ ನನ್ನನ್ನೂ ಕರೆದು ಸೂಕ್ಷ್ಮದರ್ಶಕದಲ್ಲಿ ನೋಡಿಸಿದರು. ದುಂಡಗಿನ ಕೋಶಗಳು, ಒಂದೊಂದರ ಹೊಟ್ಟೆಯಲ್ಲೂ ನೇರಳೆ ಬಣ್ಣದ ಕಾಳು, ಚೀಲದಲ್ಲಿ ರಾಗಿ ತುಂಬಿದ ಹಾಗೆ. ಕೆಲವು ಚೀಲ ಒಡೆದು ರಾಗಿ ಸುತ್ತೆಲ್ಲ ಚೆಲ್ಲಿತ್ತು. "ಇದು ಮಾಸ್ಟ್ ಸೆಲ್ ಟ್ಯೂಮರ್" ಎಂದರು.

ನಾಯಿಗಳ ಚರ್ಮಕ್ಕೆ ಬರುವ ಕೆಟ್ಟ ಗಂಟುಗಳಲ್ಲಿ ಇದೇ ಬಹಳ ಸಾಮಾನ್ಯವಂತೆ. ಮಾಸ್ಟ್ ಕೋಶ ಎಲ್ಲ ನಾಯಿಗಳ ಚರ್ಮದಲ್ಲೂ, ನಮ್ಮ ಚರ್ಮದಲ್ಲೂ ಇರುವ ಕಾವಲುಗಾರ. ಕಂಬಳಿಹುಳು ತಾಗಿದರೆ ಮೈಮೇಲೆ ದದ್ದು ಏಳುವುದು ಈ ಕೋಶಗಳು ಹಿಸ್ಟಮಿನ್ ಎಂಬ ರಸಾಯನವನ್ನು ಬಿಡುವುದರಿಂದ. ಇವು ಲಂಗುಲಗಾಮಿಲ್ಲದೆ ಬೆಳೆದು ಗುಂಪಾದರೆ ಆ ಗಂಟೇ ಹಿಸ್ಟಮಿನ್ನಿನ ಕಣಜವಾಗುತ್ತದೆ. ಅದನ್ನು ಹಿಂಡಿದರೆ, ಎಳೆದರೆ, ಸುಟ್ಟರೆ ಕಣಜ ಒಡೆಯುತ್ತದೆ. ಆ ದಿನ ನಾನು ಎಳೆದಾಗ ಊದಿದ್ದು, ಮತ್ತೆ ಇಳಿದದ್ದು ಈ ಕಾರಣಕ್ಕೆ. ಒಂದು ದಿನ ದೊಡ್ಡದಾಗಿ ಮರುದಿನ ಚಿಕ್ಕದಾಗುವ ಗಂಟನ್ನು ನೋಡಿ ನಾವು "ಕರಗ್ತಾ ಇದೆ" ಎಂದು ಸಮಾಧಾನಪಡುತ್ತೇವೆ. ಆದರೆ ಹಾಗೆ ಹೆಚ್ಚುಕಡಿಮೆಯಾಗುವುದೇ ಈ ರೋಗದ ಗುರುತು. ಗಂಟು ದೊಡ್ಡದಾಗಿದ್ದರೆ ಈ ರಸಾಯನ ರಕ್ತಕ್ಕೆ ಸೇರಿ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ. ನಾಯಿ ವಾಂತಿ ಮಾಡುತ್ತದೆ, ಟಾರಿನಂತೆ ಕಪ್ಪಗೆ ಭೇದಿ ಮಾಡುತ್ತದೆ. ಕುದುರೆ ಬಾಲದ ಕೂದಲು ಬಿಗಿದು ಗಂಟು ಉದುರಿಸುವುದು, ಬರೆ ಹಾಕುವುದು ನಮ್ಮ ಕಡೆ ಹಳೆಯ ರೂಢಿ. ಹಿರಿಯರ ಮೇಲೆ ನನಗೆ ಗೌರವವಿದೆ. ಈ ಗಂಟಿಗೆ ಮಾತ್ರ ಆ ಮದ್ದು ಪ್ರಾಣಕ್ಕೆ ಎರವಾಗಬಹುದು.

ಇಲ್ಲೇ ಇನ್ನೊಂದು ಮಾತು. ಪರೀಕ್ಷೆಗೆ ಮೊದಲು ಸ್ಟೀರಾಯ್ಡ್ ಮಾತ್ರೆ ಕೊಟ್ಟುಬಿಟ್ಟರೆ ಇಂಥ ಗಂಟು ಕೆಲವು ದಿನ ಕುಗ್ಗುತ್ತದೆ, ಸೂಜಿಗೂ ನಿಜ ಸಿಗುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ಕೊಡುವವರು ಇದನ್ನು ದಯವಿಟ್ಟು ಗಮನಿಸಬೇಕು.

ಶಸ್ತ್ರಚಿಕಿತ್ಸೆಗೆ ಶಿವಮೊಗ್ಗಕ್ಕೆ ಹೋದೆವು. ರಿಪ್ಪನ್‌ಪೇಟೆ, ಆಯನೂರು ದಾಟಿ ವಿನೋಬನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಕರಿಯ ದಾರಿಯುದ್ದಕ್ಕೂ ನನ್ನ ಹೆಂಡತಿಯ ಮಡಿಲಲ್ಲಿ ತಲೆಯಿಟ್ಟಿದ್ದ. ಮೊದಲು ತೊಡೆಸಂದಿಯ ದುಗ್ಧಗ್ರಂಥಿಗೂ ಸೂಜಿ ಹಾಕಿ ನೋಡಿದರು, ರೋಗ ಅಲ್ಲಿಗೆ ಹರಡಿದೆಯೋ ಎಂದು. ಹರಡಿರಲಿಲ್ಲ. ತೊಗರಿಕಾಳಿನಷ್ಟು ಗಂಟಿಗೆ ಅಂಗೈಯುದ್ದ ಕೊಯ್ದದ್ದು ನೋಡಿ ನನ್ನ ಹೆಂಡತಿ ಗಾಬರಿಯಾದಳು. ಗಂಟಿನ ಸುತ್ತ 2ರಿಂದ 3 ಸೆಂಟಿಮೀಟರ್ ಚೆನ್ನಾಗಿರುವ ಚರ್ಮವನ್ನೂ ಕೆಳಗಿನ ಒಂದು ಪದರವನ್ನೂ ಸೇರಿಸಿ ತೆಗೆಯಬೇಕು. ಕಣ್ಣಿಗೆ ಕಾಣದ ಕೋಶಗಳು ಬೇರಿನಂತೆ ಆಚೆಗೂ ಹರಿದಿರುತ್ತವೆ. ಗಂಟು ಚಿಕ್ಕದಿರುವಾಗ ಹೋದರೆ ಇಷ್ಟು ಅಗಲ ತೆಗೆದರೂ ಚರ್ಮ ಕೂಡುತ್ತದೆ. ಕಾಲಿನ ಕೆಳಭಾಗದಲ್ಲೋ ಮುಖದಲ್ಲೋ ನಿಂಬೆಹಣ್ಣಿನಷ್ಟಾದ ಮೇಲೆ ಹೋದರೆ ಹೊಲಿಯಲು ಚರ್ಮವೇ ಉಳಿದಿರುವುದಿಲ್ಲ. ತೆಗೆದ ತುಂಡನ್ನು ಫಾರ್ಮಲಿನ್‌ನಲ್ಲಿ ಹಾಕಿ ಪರೀಕ್ಷೆಗೆ ಕಳಿಸಿದರು. ಗಂಟು ಎಷ್ಟು ಕ್ರೂರದ್ದು, ಅಂಚಿನಲ್ಲಿ ಏನಾದರೂ ಉಳಿದಿದೆಯೇ ಎಂಬೆರಡನ್ನೂ ಆ ವರದಿ ಹೇಳುತ್ತದೆ. ಕರಿಯನದು ಸೌಮ್ಯ ದರ್ಜೆಯದು, ಅಂಚು ಸ್ವಚ್ಛ. ಬೇರೆ ಔಷಧಿ ಬೇಕಾಗಲಿಲ್ಲ. ಕ್ರೂರ ದರ್ಜೆಯದಾಗಿದ್ದರೆ ವಿನ್‌ಬ್ಲಾಸ್ಟಿನ್, ಪ್ರೆಡ್ನಿಸೊಲೋನ್‌ನಂಥ ಮದ್ದು ತಿಂಗಳುಗಟ್ಟಲೆ ನಡೆಯುತ್ತಿತ್ತು, ಮತ್ತು ಅಷ್ಟು ಮಾಡಿದರೂ ಗುಣವಾಗುತ್ತದೆಂದು ಹೇಳಲಾಗುತ್ತಿರಲಿಲ್ಲ.

ಹೊಲಿಗೆ ಬಿಚ್ಚಿಸಲು ಹೋದ ದಿನ ಡಾಕ್ಟರಮ್ಮನನ್ನು ಕೂರಿಸಿಕೊಂಡು ಇದ್ದಬದ್ದದ್ದೆಲ್ಲ ಕೇಳಿದೆ. ಎಲ್ಲ ಗಂಟೂ ಕ್ಯಾನ್ಸರಲ್ಲ. ಮರಿಗಳ ಬಾಯಲ್ಲಿ ಏಳುವ ನರೂಲಿ ವೈರಸ್ಸಿನದು, ಒಂದೆರಡು ತಿಂಗಳಲ್ಲಿ ತಾನೇ ಉದುರುತ್ತದೆ. ಎಳೆ ನಾಯಿಯ ಮುಖದಲ್ಲೋ ಕಿವಿಯಲ್ಲೋ ಕೆಂಪು ಗುಂಡಿಯಂತೆ ಏಳುವ ಒಂದು ಗಂಟೂ ಹಾಗೆಯೇ ಮಾಯವಾಗುತ್ತದೆ. ಮುದಿ ನಾಯಿಯ ಚರ್ಮದಡಿ ಮೆತ್ತಗೆ ಜಾರುವುದು ಹೆಚ್ಚಾಗಿ ಕೊಬ್ಬಿನ ಗಂಟು. ಆದರೆ ಮಾಸ್ಟ್ ಸೆಲ್ ಗಂಟೂ ಒಮ್ಮೊಮ್ಮೆ ಅಷ್ಟೇ ಮೆತ್ತಗಿರುತ್ತದೆ. ಬಿಳಿಯ, ಕೂದಲು ತೆಳುವಾದ ನಾಯಿ ಹೊಟ್ಟೆ ಮೇಲೆ ಮಾಡಿ ಬಿಸಿಲು ಕಾಯಿಸುವಂಥದಾದರೆ ಆ ಹೊಟ್ಟೆಯ ಚರ್ಮದ ಮೇಲೆ ಕಣ್ಣಿಡಬೇಕು, ಬಿಸಿಲಿನಿಂದ ಬರುವ ಕ್ಯಾನ್ಸರ್‌ಗಳಿವೆ. ಉಗುರಿನ ಬುಡ ಊದಿ ಕುಂಟುತ್ತಿದ್ದರೆ ಮುಳ್ಳು ಚುಚ್ಚಿದೆಯೆಂದು ವಾರಗಟ್ಟಲೆ ಕಾಯಬಾರದು. ಅಲ್ಲಿಯೂ ಬಾಯೊಳಗೂ ಏಳುವ ಕಪ್ಪು ಗಂಟು, ಮೈಮೇಲಿನ ಕಪ್ಪು ಗಂಟಿಗಿಂತ ಬಹಳ ಅಪಾಯದ್ದು. ಲ್ಯಾಬ್ರಡಾರ್, ಬಾಕ್ಸರ್, ಪಗ್ ಸಾಕಿದವರು ಮಾಸ್ಟ್ ಸೆಲ್ ವಿಷಯದಲ್ಲಿ ಇನ್ನಷ್ಟು ಎಚ್ಚರವಿರಬೇಕು. ನಮ್ಮ ನಾಟಿ ನಾಯಿಗೂ ಬರುತ್ತದೆ, ಕರಿಯನೇ ಸಾಕ್ಷಿ. ಬಟಾಣಿಗಿಂತ ದೊಡ್ಡದಿದ್ದರೆ ಅಥವಾ ಒಂದು ತಿಂಗಳಾದರೂ ಹೋಗದಿದ್ದರೆ ಸೂಜಿ ಪರೀಕ್ಷೆ ಮಾಡಿಸಲೇಬೇಕು.

ನಮ್ಮ ಊರುಗಳಲ್ಲಿ ಇನ್ನೊಂದು ಕ್ಯಾನ್ಸರ್ ಇದೆ, ದಿನಾ ಕಂಡರೂ ನಾವದನ್ನು ಕ್ಯಾನ್ಸರೆಂದು ಗುರುತಿಸುವುದಿಲ್ಲ. ಬಸ್ಸು ನಿಲ್ಲುವ ಕಡೆ ಮಕ್ಕಳು ಕೆಂಪಿ ಎಂದು ಕರೆಯುವ ಬೀದಿ ನಾಯಿಯೊಂದಿತ್ತು. ಹಿಂಭಾಗದಿಂದ ತಿಂಗಳುಗಟ್ಟಲೆ ರಕ್ತ ತೊಟ್ಟಿಕ್ಕುತ್ತಿತ್ತು. ಬೆದೆಗೆ ಬಂದಿದೆ ಎಂದರು ಕೆಲವರು, ಹುಳ ಬಿದ್ದಿದೆ ಎಂದರು ಕೆಲವರು, ಕಲ್ಲು ಹೊಡೆದು ಓಡಿಸಿದವರೂ ಇದ್ದರು. ಕರಿಯನ ನಂತರ ನನ್ನ ಕಣ್ಣು ಬದಲಾಗಿತ್ತು. ಬಿಸ್ಕತ್ತು ಹಾಕಿ ಹತ್ತಿರ ಕರೆದು ನೋಡಿದರೆ ಹೂಕೋಸಿನಂತೆ ಅರಳಿದ ಕೆಂಪು ಮಾಂಸ. ಪಶುವೈದ್ಯರು ಇದನ್ನು ಟಿವಿಟಿ ಎನ್ನುತ್ತಾರೆ. ಇದು ನಾಯಿಯಿಂದ ನಾಯಿಗೆ ಅಂಟುವ ಕ್ಯಾನ್ಸರ್. ಕೂಡುವಾಗ, ನೆಕ್ಕುವಾಗ, ಮೂಸುವಾಗ ಕ್ಯಾನ್ಸರಿನ ಕೋಶವೇ ಕಿತ್ತುಬಂದು ಇನ್ನೊಂದು ನಾಯಿಯಲ್ಲಿ ನಾಟಿಯಾಗುತ್ತದೆ. ಮೂಸಿದ ನಾಯಿಯ ಮೂಗಿನೊಳಗೆ ಬೆಳೆದು ಮೂಗಿನಿಂದ ರಕ್ತ ಬರುವುದೂ ಉಂಟು, ಚರ್ಮದ ಮೇಲೆ ಏಳುವುದೂ ಉಂಟು. ಮನುಷ್ಯರಿಗೆ ಅಂಟುವುದಿಲ್ಲ.

1876ರಲ್ಲಿ ರಷ್ಯಾದ ನೊವಿನ್‌ಸ್ಕಿ ಎಂಬ ಪಶುವೈದ್ಯ ಈ ಗಂಟಿನ ಚೂರನ್ನು ಒಂದು ನಾಯಿಯಿಂದ ಇನ್ನೊಂದಕ್ಕೆ ನೆಟ್ಟು ಬೆಳೆಸಿ ತೋರಿಸಿದ. ನಾಯಿಯ ಕೋಶದಲ್ಲಿ ವರ್ಣತಂತುಗಳು 78. ಈ ಗಂಟಿನ ಕೋಶದಲ್ಲಿ 60ರ ಆಸುಪಾಸು. ಅಂದರೆ ಕೆಂಪಿಯ ಮೈಯಲ್ಲಿ ಬೆಳೆದದ್ದು ಕೆಂಪಿಯ ಮಾಂಸವಲ್ಲ. ಸಾವಿರಾರು ವರ್ಷಗಳ ಹಿಂದೆ ಎಲ್ಲೋ ಬದುಕಿದ್ದ ಒಂದೇ ಒಂದು ನಾಯಿಯ ಕ್ಯಾನ್ಸರ್ ಲೋಕದ ನಾಯಿಗಳಲ್ಲೆಲ್ಲ ದಾಟುತ್ತ ದಾಟುತ್ತ ನಮ್ಮೂರ ಬಸ್ ಸ್ಟ್ಯಾಂಡಿಗೂ ಬಂದಿದೆ ಎಂದು ಡಾಕ್ಟರಮ್ಮ ಹೇಳಿದಾಗ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಇಷ್ಟು ಹಳೆಯ ರೋಗಕ್ಕೆ ಒಳ್ಳೆಯ ಮದ್ದಿದೆ. ವಿನ್‌ಕ್ರಿಸ್ಟಿನ್ ಎಂಬ ಇಂಜೆಕ್ಷನ್, ವಾರಕ್ಕೊಂದು, ಹೆಚ್ಚಿನ ನಾಯಿಗಳಿಗೆ ನಾಲ್ಕರಿಂದ ಆರು ವಾರ. ಹತ್ತರಲ್ಲಿ ಒಂಬತ್ತು ನಾಯಿಗಳು ಗುಣವಾಗುತ್ತವೆ. ಈ ಮದ್ದು ಬಂದದ್ದು ನಿತ್ಯಪುಷ್ಪದಿಂದ. ನಮ್ಮ ತುಳಸಿಕಟ್ಟೆಯ ಪಕ್ಕ ನಸುಗೆಂಪಾಗಿ ಹನ್ನೆರಡು ತಿಂಗಳೂ ಅರಳುವ ಅದೇ ಗಿಡ, ಕೆಲವರು ಕಾಶಿಕಣಗಿಲೆ ಎನ್ನುತ್ತಾರೆ. ಮೂಲ ಮಡಗಾಸ್ಕರ್. ಅಮೆರಿಕದಲ್ಲಿ 1963ರಲ್ಲಿ ಒಪ್ಪಿಗೆ ಸಿಕ್ಕ ಈ ಔಷಧಿ ಮಕ್ಕಳ ರಕ್ತದ ಕ್ಯಾನ್ಸರಿಗೂ ಮುಖ್ಯ ಮದ್ದು. ಹಾಗೆಂದು ಗಿಡ ಅರೆದು ನಾಯಿಗೆ ಕುಡಿಸಬಾರದು, ಅದು ವಿಷ. ಒಂದು ಗ್ರಾಂ ಮದ್ದಿಗೆ ನೂರಾರು ಕಿಲೋ ಒಣ ಎಲೆ ಬೇಕು. ಇಂಜೆಕ್ಷನ್ ರಕ್ತನಾಳದಿಂದ ಒಂದು ಹನಿ ಹೊರಗೆ ಸೋರಿದರೂ ಅಲ್ಲಿಯ ಮಾಂಸ ಕೊಳೆಯುತ್ತದೆ. ಬಿಳಿ ರಕ್ತಕಣ ಇಳಿಯುವುದರಿಂದ ನಡುನಡುವೆ ರಕ್ತಪರೀಕ್ಷೆ ಬೇಕು, ಆ ದಿನಗಳಲ್ಲಿ ನಾಯಿಯ ಉಚ್ಚೆ, ವಾಂತಿ ಬಳಿಯುವಾಗ ಕೈಗೆ ಗ್ಲೌಸ್ ಬೇಕು.

ಕೆಂಪಿಯನ್ನು ನಮ್ಮ ಕೊಟ್ಟಿಗೆಯ ಒಂದು ಮೂಲೆಯಲ್ಲಿ ಇಟ್ಟುಕೊಂಡೆವು. ಇಂಜೆಕ್ಷನ್ ಆದ ದಿನ ಮಂಕಾಗಿ ಮಲಗುವಳು, ಮೂರನೇ ದಿನ ಗಂಜಿಗೆ ಏಳುವಳು. ಎರಡನೇ ವಾರಕ್ಕೆ ರಕ್ತ ನಿಂತಿತು. ಐದನೇ ವಾರಕ್ಕೆ ಅಲ್ಲಿ ಗಂಟಿತ್ತೆಂದು ಹೇಳುವ ಹಾಗಿರಲಿಲ್ಲ. ಸ್ವಲ್ಪ ಚೇತರಿಸಿಕೊಂಡ ಮೇಲೆ ಸಂತಾನಹರಣ ಚಿಕಿತ್ಸೆಯನ್ನೂ ಮಾಡಿಸಿದೆವು. ಈ ರೋಗ ಹೆಚ್ಚಾಗಿ ಹರಡುವುದೇ ಕೂಡುವಿಕೆಯಿಂದ. ಹಾಗಾಗಿ ಊರಿನ ಹತ್ತಿಪ್ಪತ್ತು ನಾಯಿಗಳಿಗೆ ಆ ಚಿಕಿತ್ಸೆ ಮಾಡಿಸಿದರೆ ಉಳಿದ ನಾಯಿಗಳಿಗೂ ರಕ್ಷಣೆ. ಗ್ರಾಮಸಭೆಯಲ್ಲಿ ರಸ್ತೆ, ದೀಪದ ಜೊತೆ ಈ ಮಾತನ್ನೂ ಎತ್ತಬೇಕೆಂದು ನಾನು ಪ್ರತಿ ಸಲವೂ ಕೇಳುತ್ತಿದ್ದೇನೆ.

ಕರಿಯನಿಗೆ ಈಗ ಒಂಬತ್ತು ವರ್ಷ. ಒಮ್ಮೆ ಮಾಸ್ಟ್ ಸೆಲ್ ಬಂದ ನಾಯಿಗೆ ಬೇರೆ ಕಡೆ ಮತ್ತೊಂದು ಏಳಬಹುದು, ಹಾಗಾಗಿ ಸಂಜೆಯ ತಡವುವ ಕೆಲಸ ತಪ್ಪಿಸುವುದಿಲ್ಲ. ನೀವೂ ಇವತ್ತು ಸಂಜೆ ನಿಮ್ಮ ನಾಯಿಯ ಉಣುಗು ಹೆಕ್ಕಲು ಕೂತಾಗ ಬೆರಳನ್ನು ಇನ್ನೂ ಸ್ವಲ್ಪ ನಿಧಾನವಾಗಿ ಓಡಿಸಿ. ಎಳೆದರೆ ಬಾರದ್ದೊಂದು ಸಿಕ್ಕಿದರೆ ಕೀಳಬೇಡಿ, ಏನನ್ನೂ ಹಚ್ಚಬೇಡಿ. ಎಷ್ಟು ದೊಡ್ಡದಿದೆ, ಎಲ್ಲಿದೆ ಎಂದು ಕ್ಯಾಲೆಂಡರಿನಲ್ಲಿ ಬರೆದಿಟ್ಟು, ಬೆಳಿಗ್ಗೆ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೋಗಲು ಗಾಡಿಯ ಅನುಕೂಲವಿಲ್ಲದಿದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳಿ.