ಬೆರಳು ಬಲ್ಲ ಚಿತ್ರ

ಚಿತ್ರ ಬರೆಯತೊಡಗಿದ ಮಕ್ಕಳು ಮರ, ಕಲ್ಲು, ಬಟ್ಟೆ ಎಲ್ಲಕ್ಕೂ ಒಂದೇ ಬಗೆಯ ಗೆರೆಯನ್ನೆಳೆಯುವುದನ್ನು ನಾವು ಕಾಣುತ್ತೇವೆ. ಆಕಾರವೇನೋ ಸರಿ, ಆದರೆ ವಸ್ತುವಿನ ನುಣುಪಾಗಲಿ ಒರಟಾಗಲಿ ಅದರಲ್ಲಿ ಕಾಣದು.

ಜರ್ಮನಿಯ ವೈಮಾರ್ ನಗರದಲ್ಲಿ 1919ರಲ್ಲಿ ಸ್ಥಾಪಿತವಾದ ಬೌಹೌಸ್ ಕಲಾಶಾಲೆಯಲ್ಲಿ ಈ ಕೊರತೆಗೆ ಸೊಗಸಾದ ಉಪಾಯವೊಂದಿತ್ತು. 1923ರವರೆಗೆ ಅಲ್ಲಿದ್ದ ಯೋಹಾನೆಸ್ ಇಟ್ಟೆನ್ ಎಂಬ ಸ್ವಿಸ್ ಉಪಾಧ್ಯಾಯರು ಹೊಸ ವಿದ್ಯಾರ್ಥಿಗಳಿಂದ ತೊಗಟೆ, ತುಪ್ಪಳ, ತಂತಿ, ಚಿಂದಿ ಮೊದಲಾದುವನ್ನು ಆಯ್ದು ತರಿಸಿ, ಒಂದರ ಪಕ್ಕದಲ್ಲೊಂದನ್ನು ಜೋಡಿಸುವಂತೆ ಮಾಡುತ್ತಿದ್ದರು. ಅವರು ಕಣ್ಮುಚ್ಚಿ ಅವುಗಳನ್ನು ಬೆರಳ ತುದಿಯಿಂದ ಸವರಬೇಕು. ಸ್ಪರ್ಶವು ಮನಸ್ಸಿನಲ್ಲಿ ನೆಲೆಗೊಂಡ ಬಳಿಕ ನೆನಪಿನಿಂದಲೇ ಚಿತ್ರಿಸಬೇಕು. ಇದು ಬರಿಯ ವಿನೋದವೆಂದು ವಾಚಕರು ಭಾವಿಸಬಾರದು. ಆರು ತಿಂಗಳ ಈ ಪ್ರವೇಶಶಿಕ್ಷಣದಲ್ಲಿ ತೇರ್ಗಡೆಯಾಗದವರಿಗೆ ಶಾಲೆಯ ಕಾರ್ಯಾಗಾರಗಳ ಬಾಗಿಲು ತೆರೆಯುತ್ತಿರಲಿಲ್ಲ!

ಮನೆಯಲ್ಲಿಯೂ ಇದನ್ನು ಮಾಡಿಸಬಹುದು. ಗೋಣಿತಟ್ಟಿನ ಚೂರು, ತೆಂಗಿನ ನಾರು, ರೇಷ್ಮೆಯ ತುಂಡು, ಒಣಗಿದ ಬಾಳೆಪಟ್ಟೆ ಇಷ್ಟಿದ್ದರೆ ಸಾಕು. ಅಂಟಿಸಿ ಬಿಟ್ಟರೆ ಅದು ಅಲಂಕಾರ ಮಾತ್ರವಾದೀತು. ಸವರಿ ಬರೆಯಿಸುವುದೇ ಮುಖ್ಯವೆಂದು ನಮ್ಮ ಅಭಿಪ್ರಾಯ. ಗೋಣಿಗೆ ಬಿರುಸಾದ ಅಡ್ಡಗೆರೆ ನೇರಗೆರೆಗಳೂ, ರೇಷ್ಮೆಗೆ ಗೆರೆಯೇ ಇಲ್ಲದ ಮೆಲ್ಲನೆಯ ನೆರಳೂ ಬೇಕೆಂಬುದನ್ನು ಯಾರೂ ಹೇಳಿಕೊಡಬಾರದು. ಬೆರಳಿಗೆ ತಿಳಿದುದು ಇದ್ದಿಲ ತುದಿಗಿಳಿಯಲು ನಾಲ್ಕಾರು ಹಾಳೆಗಳು ಕೆಟ್ಟರೂ ಕೆಡಲಿ.