ಮೂರ್ಛೆರೋಗದ ಮಾತ್ರೆ: ನಿಲ್ಲಿಸುವ ಮುನ್ನ ಯೋಚಿಸೋಣ

ಪ್ರವಾದಿ ಮುಹಮ್ಮದ್(ಸ)ರ ಬಳಿಗೆ ಕಪ್ಪು ವರ್ಣದ ಮಹಿಳೆಯೊಬ್ಬರು ಬಂದರು. ತನಗೆ ಮೂರ್ಛೆ ಬರುತ್ತದೆ, ಆಗ ಮೈಮೇಲಿನ ಬಟ್ಟೆ ಸರಿಯುತ್ತದೆ, ದುಆ ಮಾಡಿ ಎಂದು ಕೇಳಿದರು. ಸಹನೆ ವಹಿಸಿದರೆ ಸ್ವರ್ಗವಿದೆ, ಬಯಸಿದರೆ ಗುಣವಾಗಲೆಂದು ಪ್ರಾರ್ಥಿಸುತ್ತೇನೆ ಎಂದು ಪ್ರವಾದಿ(ಸ) ಹೇಳಿದರು. ಆಕೆ ಸಹನೆಯನ್ನು ಆರಿಸಿಕೊಂಡರು, ಬಟ್ಟೆ ಸರಿಯದಿರಲೆಂದು ಮಾತ್ರ ದುಆ ಕೋರಿದರು. ಇಬ್ನ್ ಅಬ್ಬಾಸ್(ರ) ಹೇಳಿದ ಈ ಪ್ರಸಂಗ ಸಹೀಹ್ ಬುಖಾರಿಯಲ್ಲಿದೆ.

ಆ ಮಹಿಳೆಯನ್ನು ಯಾರೂ ಹೀನವಾಗಿ ಕಾಣಲಿಲ್ಲ. ಸ್ವರ್ಗದ ಶುಭವಾರ್ತೆ ಪಡೆದವರೆಂದು ಆಕೆಯನ್ನು ನೆನೆಯಲಾಯಿತು. ಇದನ್ನು ಕೇಳಿ ಮದ್ದೇ ಬೇಡವೆಂದು ತಿಳಿಯಬಾರದು. ಅಲ್ಲಾಹನು ರೋಗದ ಜೊತೆ ಅದರ ಔಷಧವನ್ನೂ ಇಳಿಸಿದ್ದಾನೆ, ಚಿಕಿತ್ಸೆ ಮಾಡಿಸಿಕೊಳ್ಳಿ ಎಂಬುದೂ ಪ್ರವಾದಿ(ಸ)ರ ಬೋಧನೆಯೇ.

ಯಾದಗಿರಿ, ಶಹಾಪುರ, ಸುರಪುರದ ನಮ್ಮ ಮೊಹಲ್ಲಾಗಳಲ್ಲಿ ಮಿರ್ಗಿ ಅಥವಾ ಫಿಟ್ಸ್ ಎಂದು ಕರೆಯುವ ಈ ರೋಗ ಮಿದುಳಿನ ವಿದ್ಯುತ್ ಚಟುವಟಿಕೆ ಕ್ಷಣಕಾಲ ಏರುಪೇರಾಗುವುದರಿಂದ ಬರುತ್ತದೆ. ಇದು ಅಂಟುರೋಗವಲ್ಲ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಇದಿದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ಅವರಲ್ಲಿ 100ಕ್ಕೆ 70ರಷ್ಟು ಜನ ಮೂರ್ಛೆಯಿಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ರಾಜ್ಯದ ಯಳಂದೂರಿನ ಹಳ್ಳಿಗಳಲ್ಲಿ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಫಿನೊಬಾರ್ಬಿಟೋನ್, ಫೆನಿಟಾಯಿನ್ ಎಂಬ ಅಗ್ಗದ ಮಾತ್ರೆಗಳಿಂದಲೇ ರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿದರು. ಅದರ ವರದಿ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮಾತ್ರೆ ಸಿಗುವುದಕ್ಕಿಂತ ಅದನ್ನು ಬಿಡದೆ ನುಂಗುವುದೇ ನಮ್ಮಲ್ಲಿ ಕಷ್ಟವಾಗಿದೆ.

ಏಕಾಏಕಿ ನಿಲ್ಲಿಸಬೇಡಿ

ಆರು ತಿಂಗಳು ಫಿಟ್ಸ್ ಬರದಿದ್ದರೆ ಗುಣವಾಯಿತೆಂದು ಮಾತ್ರೆ ಬಿಡುವವರಿದ್ದಾರೆ. ತಾಯಿತ ಕಟ್ಟಿಸಿದ ಮೇಲೆ ಬಿಡುವವರೂ ಇದ್ದಾರೆ. ಫಿಟ್ಸ್ ಬರದೆ ಇರುವುದು ಮಾತ್ರೆ ಕೆಲಸ ಮಾಡುತ್ತಿರುವುದರಿಂದ. ಒಮ್ಮೆಲೇ ಬಿಟ್ಟರೆ ಫಿಟ್ಸ್ ಮರುಕಳಿಸಬಹುದು, ಕೆಲವೊಮ್ಮೆ ನಿಲ್ಲದೆ ಒಂದರ ಮೇಲೊಂದು ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಸಾಮಾನ್ಯವಾಗಿ ಎರಡು ವರ್ಷವಾದರೂ ಫಿಟ್ಸ್ ಬರದಿದ್ದರೆ ವೈದ್ಯರು ಪರೀಕ್ಷಿಸಿ, ತಿಂಗಳುಗಟ್ಟಲೆ ಹಂತ ಹಂತವಾಗಿ ಪ್ರಮಾಣ ಇಳಿಸುತ್ತಾರೆ. ಎಲ್ಲರಿಗೂ ನಿಲ್ಲಿಸಲು ಆಗುವುದಿಲ್ಲ.

ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ನುಂಗಿ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಅದನ್ನಷ್ಟೇ ನುಂಗಿ, ಎರಡನ್ನು ಕೂಡಿಸಬೇಡಿ. ದುಡಿಮೆಗೆ ಬೆಂಗಳೂರು, ಪುಣೆ, ಮುಂಬಯಿಗೆ ಹೋಗುವವರು ಚೀಟಿಯನ್ನೂ ಸಾಕಷ್ಟು ಮಾತ್ರೆಯನ್ನೂ ಜೊತೆಗೊಯ್ಯಿರಿ. ಒಂದು ವಾರದ ಮಾತ್ರೆ ಉಳಿದಿರುವಾಗಲೇ ಹೊಸದನ್ನು ತನ್ನಿ. ಅಂಗಡಿಯವರು ಬೇರೆ ಕಂಪನಿಯದು ಕೊಟ್ಟರೆ ವೈದ್ಯರನ್ನು ಕೇಳಿ. ನಮ್ಮ ಬೇಸಿಗೆಯಲ್ಲಿ ತಗಡಿನ ಮನೆಯ ಅಟ್ಟದ ಮೇಲೆ ಔಷಧ ಇಡಬೇಡಿ. ಮಕ್ಕಳ ಸಿರಪ್ ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಿ, ಅಳತೆಯ ಮುಚ್ಚಳದಲ್ಲೇ ಕೊಡಿ. ಅಡುಗೆಮನೆಯ ಚಮಚ ಅಳತೆಯಲ್ಲ. ಕ್ಯಾಪ್ಸೂಲ್‌ನ ಹೊದಿಕೆ ಹಲಾಲೋ ಅಲ್ಲವೋ ಎಂಬ ಅನುಮಾನವಿದ್ದರೆ ಬದಲಿಗೆ ಮಾತ್ರೆ ಇದೆಯೇ ಎಂದು ವೈದ್ಯರನ್ನು ಕೇಳಿ, ಅದು ಸಿಗುವವರೆಗೆ ಬಿಡಬೇಡಿ.

ಅಡ್ಡಪರಿಣಾಮ ಕಂಡರೆ

ಕಾರ್ಬಮಝೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್ ಶುರುಮಾಡಿದ ಮೊದಲ ವಾರಗಳಲ್ಲಿ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು, ಕಣ್ಣು ಕೆಂಪು, ಜ್ವರ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಅಪರೂಪವಾದರೂ ಚರ್ಮ ಸುಲಿದು ಪ್ರಾಣ ಹೋಗುವಂಥ ಅಲರ್ಜಿಯ ಸೂಚನೆ ಇದಾಗಿರಬಹುದು. ಫೆನಿಟಾಯಿನ್‌ನಿಂದ ವಸಡು ಊದಬಹುದು, ಮಿಸ್ವಾಕ್ ಅಥವಾ ಬ್ರಶ್‌ನಿಂದ ಹಲ್ಲು ಶುಚಿಯಾಗಿಡಿ. ಅದರ ಪ್ರಮಾಣ ಹೆಚ್ಚಾದರೆ ನಡಿಗೆ ತೂರಾಡುತ್ತದೆ. ಲೆವೆಟಿರಾಸಿಟಂನಿಂದ ಕೆಲವರಿಗೆ ಸಿಟ್ಟು, ಖಿನ್ನತೆ ಬರುತ್ತದೆ. ಅದನ್ನು ಸ್ವಭಾವದ ದೋಷವೆಂದು ಬೈಯದೆ ವೈದ್ಯರಿಗೆ ತಿಳಿಸಿ. ಟಿ.ಬಿ. ಮಾತ್ರೆಗಳು ಫಿಟ್ಸ್ ಔಷಧದ ಪ್ರಮಾಣವನ್ನು ರಕ್ತದಲ್ಲಿ ಏರಿಸಲೂ ಇಳಿಸಲೂ ಬಲ್ಲವು. ಎರಡೂ ಇದ್ದರೆ ಇಬ್ಬರು ವೈದ್ಯರಿಗೂ ಹೇಳಲೇಬೇಕು.

ಹೆಣ್ಣುಮಕ್ಕಳ ವಿಷಯ

ನಮ್ಮನ್ನು ಹೆಚ್ಚು ಕಾಡುವುದು ಇದೇ. ಮಗಳಿಗೆ ಫಿಟ್ಸ್ ಇದೆಯೆಂದು ಬೀಗರಿಗೆ ಹೇಳುವುದಿಲ್ಲ. ನಿಕಾಹ್ ಆದ ಮೇಲೆ ಅತ್ತೆಮನೆಯಲ್ಲಿ ಯಾರಾದರೂ ನೋಡಿಯಾರೆಂದು ಹುಡುಗಿ ಮಾತ್ರೆಯನ್ನೇ ಬಿಡುತ್ತಾಳೆ. ಕೆಲವೇ ದಿನಗಳಲ್ಲಿ, ಒಲೆಯ ಮುಂದೆಯೋ ಬಾವಿಯ ಬಳಿಯೋ ಬೀಳುತ್ತಾಳೆ. ಮುಚ್ಚಿಟ್ಟ ಮಾತು ಆಗ ಹೊರಬರುತ್ತದೆ, ನಂಬಿಕೆಯೂ ಮುರಿಯುತ್ತದೆ. ಮೊದಲೇ ಹೇಳಿದರೆ ಸಂಬಂಧ ತಪ್ಪೀತೆಂಬ ಭಯ ಸುಳ್ಳಲ್ಲ. ಆದರೆ ಹೇಳಿ ಕೂಡಿದ ಸಂಬಂಧದಲ್ಲಿ ಆಕೆ ಎಲ್ಲರೆದುರು ಮಾತ್ರೆ ನುಂಗಬಲ್ಲಳು. ಗಂಡಿನ ಕಡೆಯವರಿಗೂ ಒಂದು ಮಾತು: ಮಾತ್ರೆ ತೆಗೆದುಕೊಳ್ಳುವ ಸೊಸೆ ಮನೆ ನಡೆಸಬಲ್ಲಳು, ತಾಯಿಯೂ ಆಗಬಲ್ಲಳು.

ಮದುವೆ ಗೊತ್ತಾದ ಕೂಡಲೇ ವೈದ್ಯರನ್ನು ಕಾಣಬೇಕು. ಸೋಡಿಯಂ ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿರುವಾಗ ಗರ್ಭ ನಿಂತರೆ 100 ಶಿಶುಗಳಲ್ಲಿ ಸುಮಾರು 10ಕ್ಕೆ ಹುಟ್ಟಿನಿಂದಲೇ ಅಂಗದೋಷ ಬರಬಹುದು. 100ರಲ್ಲಿ 30ರಿಂದ 40 ಮಕ್ಕಳಿಗೆ ಕಲಿಕೆ, ಬೆಳವಣಿಗೆಯಲ್ಲಿ ತೊಂದರೆಯಾಗಬಹುದು. ಆದ್ದರಿಂದ ಗರ್ಭಕ್ಕೆ ಮೊದಲೇ ಔಷಧ ಬದಲಿಸಬಹುದೇ ಎಂದು ಕೇಳಿ. ವೈದ್ಯರು ಫೋಲಿಕ್ ಆಸಿಡ್ ಕೊಡುತ್ತಾರೆ. ಈಗಾಗಲೇ ಗರ್ಭಿಣಿಯಾಗಿದ್ದರೆ ಹೆದರಿ ತಾನಾಗಿ ನಿಲ್ಲಿಸಬಾರದು, ತೀವ್ರ ಫಿಟ್ಸ್ ತಾಯಿ ಮಗು ಇಬ್ಬರಿಗೂ ಅಪಾಯ. ಫೆನಿಟಾಯಿನ್, ಕಾರ್ಬಮಝೆಪಿನ್ ತೆಗೆದುಕೊಳ್ಳುವವರಲ್ಲಿ ಗರ್ಭನಿರೋಧಕ ಮಾತ್ರೆ ಸರಿಯಾಗಿ ಕೆಲಸ ಮಾಡದಿರಬಹುದು.

ರಂಝಾನ್‌ನಲ್ಲಿ

ರೋಗಿಗೆ ಉಪವಾಸದಿಂದ ರಿಯಾಯಿತಿ ಇದೆಯೆಂದು ಸೂರಃ ಅಲ್ ಬಕರಃದಲ್ಲೇ ಇದೆ. ದಿನಕ್ಕೆ ಎರಡು ಹೊತ್ತಿನ ಮಾತ್ರೆಯನ್ನು ಸಹರಿ, ಇಫ್ತಾರ್‌ಗೆ ಹೊಂದಿಸಲು ಕೆಲವರಿಗೆ ಆಗುತ್ತದೆ, ಕೆಲವರಿಗೆ ಆಗುವುದಿಲ್ಲ. ಮೂರು ಹೊತ್ತಿನದನ್ನು ನಾವೇ ಎರಡಕ್ಕೆ ಇಳಿಸಬಾರದು. ನಿದ್ದೆಗೆಡುವುದೂ ಫಿಟ್ಸ್ ತರಿಸುತ್ತದೆ. ರಂಝಾನ್‌ಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಂಡು, ಬಳಿಕ ನಿಮ್ಮ ಆಲಿಮರನ್ನು ಕೇಳಿ. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಪಡೆಯುವುದು ಈಮಾನಿನ ಕೊರತೆಯಲ್ಲ.

ಎದುರಿಗೆ ಫಿಟ್ಸ್ ಬಂದರೆ

ಗಡಿಯಾರ ನೋಡಿ. ಹತ್ತಿರದ ಕಲ್ಲು, ಬೆಂಕಿ ಸರಿಸಿ, ತಲೆಯ ಕೆಳಗೆ ಮೆತ್ತನೆಯದನ್ನಿಡಿ, ಮಗ್ಗುಲಿಗೆ ಮಲಗಿಸಿ. ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ. ಕೈಗೆ ಕಬ್ಬಿಣ, ಮೂಗಿಗೆ ಚಪ್ಪಲಿ, ಈರುಳ್ಳಿ ಬೇಡ. ಒತ್ತಿ ಹಿಡಿಯಬೇಡಿ. ಬಟ್ಟೆ ಸರಿದಿದ್ದರೆ ಚಾದರ ಹೊದಿಸಿ, ಆ ಮಹಿಳೆ ಪ್ರವಾದಿ(ಸ)ರಲ್ಲಿ ಕೇಳಿಕೊಂಡದ್ದು ಅಷ್ಟನ್ನೇ. ಐದು ನಿಮಿಷ ದಾಟಿದರೆ, ಮತ್ತೆ ಮತ್ತೆ ಬಂದರೆ, ಗರ್ಭಿಣಿಯಾಗಿದ್ದರೆ ಅಥವಾ ಮೊದಲ ಬಾರಿ ಬಂದಿದ್ದರೆ 108ಕ್ಕೆ ಕರೆ ಮಾಡಿ. ಹತೋಟಿಗೆ ಬರುವವರೆಗೆ ಬೈಕ್ ಓಡಿಸುವುದು, ಕಾಲುವೆ, ಹೊಳೆಗೆ ಒಬ್ಬರೇ ಇಳಿಯುವುದು ಬೇಡ.

ದುಆ ಮಾಡೋಣ, ಮಾತ್ರೆಯನ್ನೂ ಹೊತ್ತಿಗೆ ಸರಿಯಾಗಿ ಕೊಡೋಣ. ಈ ಶುಕ್ರವಾರ ಜುಮಾ ಮುಗಿಸಿ ಮನೆಗೆ ಹೋದಾಗ ಡಬ್ಬಿಯಲ್ಲಿ ಎಷ್ಟು ಮಾತ್ರೆ ಉಳಿದಿದೆಯೆಂದು ಒಮ್ಮೆ ಎಣಿಸಿ ನೋಡಿ. ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ಕರುಣಿಸಲಿ, ಆಮೀನ್.