ಒಂದು ಕುರ್ಚಿ ಖಾಲಿ ಇರುವ ಮನೆಗೆ ಏಳು ಕ್ರಿಸ್‌ಮಸ್ ಸಿನಿಮಾ

ಡಿಸೆಂಬರ್ ಕೊನೆಯ ವಾರ ಅಂದ್ರೆ ನಮ್ಮ ಟೀಮ್‌ನಲ್ಲಿ ಯಾರಿಗೂ ಬೇಡವಾದ ವಾರ. ಹೊಸ ಕೋಡ್ ಏನೂ ಹೊರಗೆ ಹೋಗಲ್ಲ, ಎಲ್ಲರೂ ರಜೆ ಹಾಕಿ ಊರು ಸೇರಿರ್ತಾರೆ. ಆದರೆ ಸರ್ವರ್‌ಗಳಿಗೆ ರಜೆ ಇಲ್ವಲ್ಲ. ಯಾರಾದರೂ ಒಬ್ಬರು ಫೋನ್ ಕೈಲಿ ಹಿಡಿದು ಆನ್‌ಕಾಲ್ ಕೂರಲೇಬೇಕು. ಕಳೆದ ವರ್ಷ ಮ್ಯಾನೇಜರ್ ಕೇಳಿ ಮುಗಿಸುವ ಮೊದಲೇ ಕೈ ಎತ್ತಿದವನು ನಾನು.

ಎಲ್ಲರೂ 'ಎಂಥ ಒಳ್ಳೆಯವನಪ್ಪಾ' ಅಂದರು. ನಿಜ ಏನಂದ್ರೆ, ಊರಿಗೆ ಹೋಗದೆ ಇರೋಕೆ ನನಗೊಂದು ನೆಪ ಬೇಕಿತ್ತು. ಆಗಸ್ಟ್‌ನಲ್ಲಿ ಅಪ್ಪ ಹೋಗಿದ್ದರು. ಅರಸೀಕೆರೆಯ ಮನೆಯಲ್ಲಿ ಟಿವಿ ಎದುರಿನ ಅವರ ಕುರ್ಚಿ ಹಾಗೇ ಇತ್ತು. ಅದನ್ನು ನೋಡೋದು ನನಗೆ ಆಗ್ತಿರಲಿಲ್ಲ. ಅಮ್ಮನಿಗೆ ಫೋನ್ ಮಾಡಿ ಡ್ಯೂಟಿ ಇದೆ ಅಂದೆ. ಎರಡು ಸೆಕೆಂಡ್ ಸುಮ್ಮನಿದ್ದು, "ನೀನು ಬರಕ್ಕಾಗಲ್ಲ ಅಂದ್ರೆ ನಾನೇ ಬರ್ತೀನಿ ಬಿಡು" ಅಂದರು. 23ನೇ ತಾರೀಕು ಒಂದು ಚೀಲ ಅವರೆಕಾಯಿ ಹೊತ್ತುಕೊಂಡು ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದರು.

ನಾವು ಕ್ರಿಸ್‌ಮಸ್ ಆಚರಿಸುವವರಲ್ಲ. ಎದುರು ಮನೆಯವರು ಬಾಲ್ಕನಿಯಲ್ಲಿ ನಕ್ಷತ್ರ ಕಟ್ಟಿದ್ದರು, ಒಂದು ತಟ್ಟೆ ಕೇಕ್ ಕಳಿಸಿದ್ದರು, ಅಷ್ಟೆ. ಆದರೆ ಸಂಜೆ ಹೊತ್ತು ಇಬ್ಬರೇ ಕೂತಾಗ ಏನು ಮಾತಾಡೋದು? ಅಪ್ಪನ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ. ಹಾಗಾಗಿ ಸಿನಿಮಾ ಹಾಕಿದೆ. ಏಳು ಸಂಜೆ, ಏಳು ಚಿತ್ರ. ನೋಡ್ತಾ ನೋಡ್ತಾ ಒಂದು ವಿಷಯ ಗಮನಕ್ಕೆ ಬಂತು: ಒಳ್ಳೆಯ ಕ್ರಿಸ್‌ಮಸ್ ಚಿತ್ರಗಳೆಲ್ಲ ತುಂಬಿದ ಮನೆಯ ಕಥೆಗಳಲ್ಲ. ಹಬ್ಬದ ದಿನ ಒಂದು ಕುರ್ಚಿ ಖಾಲಿ ಇರುವವರ ಕಥೆಗಳು. ಈ ಡಿಸೆಂಬರ್‌ನಲ್ಲಿ ನಿಮ್ಮನೆಯಲ್ಲೂ ಅಂಥ ಕುರ್ಚಿ ಇದ್ದರೆ, ಈ ಪಟ್ಟಿ ನಿಮಗೆ.

1. ಹೋಮ್ ಅಲೋನ್ (1990)

ಗೊತ್ತು, ನೀವೆಲ್ಲ ಹತ್ತು ಸಲ ನೋಡಿದ್ದೀರಿ. ಕಳ್ಳರಿಗೆ ಬೀಳುವ ಏಟುಗಳಿಗೆ ಭಾಷೆ ಬೇಕಿಲ್ಲ ಅಂತಲೇ ಮೊದಲ ದಿನ ಇದನ್ನು ಹಾಕಿದೆ. ಅಮ್ಮ ಅವರೆಕಾಳು ಹಿತಕುತ್ತಾ ನಕ್ಕರು. ಆದರೆ ಅವರ ಕಣ್ಣು ಇದ್ದದ್ದು ಪ್ಯಾರಿಸ್‌ನಲ್ಲಿ ಒದ್ದಾಡುವ ತಾಯಿಯ ಮೇಲೆ. ಆಕೆ ಡಲ್ಲಾಸ್, ಸ್ಕ್ರಾಂಟನ್ ಸುತ್ತಿ, ಕೊನೆಗೆ ಪೋಲ್ಕಾ ಬ್ಯಾಂಡಿನವರ ವ್ಯಾನ್ ಹತ್ತಿ ಷಿಕಾಗೋ ಕಡೆ ಬರುತ್ತಾಳೆ. "ಹೆಂಗಾದ್ರೂ ಬಂದೇ ಬರ್ತಾಳೆ ನೋಡು" ಅಂತ ಅಮ್ಮ ಮೊದಲೇ ತೀರ್ಪು ಕೊಟ್ಟರು. ಅವರೆ ಚೀಲ ಹೊತ್ತು ಬಸ್ ಹತ್ತಿದವರಿಗೆ ಗೊತ್ತಿರುತ್ತೆ!

ಈ ಸಲ ನೋಡುವಾಗ ಪಕ್ಕದ ಮನೆಯ ಮುದುಕ ಮಾರ್ಲಿಯನ್ನು ಗಮನಿಸಿ. ಮಗನ ಜೊತೆ ಮಾತು ಬಿಟ್ಟು ವರ್ಷಗಳಾಗಿವೆ. ಚರ್ಚಿನಲ್ಲಿ ಅವನಿಗೂ ಎಂಟು ವರ್ಷದ ಕೆವಿನ್‌ಗೂ ನಡೆಯುವ ಮಾತುಕತೆಯೇ ಈ ಚಿತ್ರದ ಜೀವ. ಅಂದ ಹಾಗೆ, ಕೆವಿನ್ ಟಿವಿಯಲ್ಲಿ ನೋಡುವ ಆ ಹಳೇ ಕಪ್ಪು-ಬಿಳುಪು ಗ್ಯಾಂಗ್‌ಸ್ಟರ್ ಚಿತ್ರ ನಿಜವಾದ ಹಳೇ ಚಿತ್ರವಲ್ಲ. ಇದಕ್ಕಾಗಿಯೇ ಶೂಟ್ ಮಾಡಿದ ತುಣುಕು.

2. ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್ (1965)

ಟಿವಿ ಸ್ಪೆಷಲ್, ಬರೀ 25 ನಿಮಿಷ. ಆನ್‌ಕಾಲ್ ಇರುವವರಿಗೆ ಹೇಳಿ ಮಾಡಿಸಿದ್ದು. ಹಬ್ಬ ಬಂದರೂ ಖುಷಿ ಯಾಕೆ ಬರ್ತಿಲ್ಲ ಅಂತ ಕೇಳಿಕೊಳ್ಳುವ ಹುಡುಗನ ಕಥೆ. ಎಲ್ಲರೂ ಮಿರುಗುವ ಅಲ್ಯೂಮಿನಿಯಂ ಮರ ತಾ ಅಂದರೆ, ಅವನು ಒಣಕಲು ಗಿಡ ಒಂದನ್ನು ತರುತ್ತಾನೆ.

1965ರ ಡಿಸೆಂಬರ್ 9ರಂದು ಇದು ಅಮೆರಿಕದ ಸಿಬಿಎಸ್‌ನಲ್ಲಿ ಪ್ರಸಾರವಾಗುವ ಮುಂಚೆ ಚಾನೆಲ್‌ನ ದೊಡ್ಡವರಿಗೆ ಇಷ್ಟವೇ ಆಗಿರಲಿಲ್ಲ. ಕಾರ್ಟೂನಿಗೆ ಜಾಝ್ ಸಂಗೀತ ಬೇರೆ, ಹಿನ್ನೆಲೆಯಲ್ಲಿ ರೆಕಾರ್ಡೆಡ್ ನಗು ಇಲ್ಲ, ಪಾತ್ರಗಳಿಗೆ ದನಿ ಕೊಟ್ಟವರು ನಿಜವಾದ ಮಕ್ಕಳು. ಅವರಲ್ಲಿ ಓದಲು ಬರದಷ್ಟು ಚಿಕ್ಕವರಿಗೆ ಮಾತುಗಳನ್ನು ತುಂಡು ತುಂಡಾಗಿ ಹೇಳಿಕೊಟ್ಟು ರೆಕಾರ್ಡ್ ಮಾಡಿದ್ದರು. ಪ್ರಸಾರದ ರಾತ್ರಿ ಟಿವಿ ನೋಡುತ್ತಿದ್ದ ಅಮೆರಿಕದ ಮನೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇದನ್ನೇ ನೋಡಿದವು! ಮುಂದೆ ಎಮ್ಮಿಯೂ ಬಂತು, ಪೀಬಡಿಯೂ ಬಂತು.

ನಡುವೆ ನನ್ನ ಫೋನ್‌ಗೆ ಅಲರ್ಟ್ ಬಂತು. ಲ್ಯಾಪ್‌ಟಾಪ್ ತೆಗೆದು ಸರಿಮಾಡಿ ಬರುವಷ್ಟರಲ್ಲಿ ಅಮ್ಮ ಪಿಯಾನೋ ಕೇಳ್ತಾ ಕೂತಿದ್ದರು. "ಈ ಹುಡುಗ ನಿನ್ನ ಹಾಗೇ. ಎಲ್ಲ ಸರಿ ಇದ್ರೂ ಮುಖ ಇಳೀಬಿಟ್ಕೊಂಡಿರ್ತಾನೆ" ಅಂದರು.

3. ಇಟ್ಸ್ ಎ ವಂಡರ್‌ಫುಲ್ ಲೈಫ್ (1946)

ಕಪ್ಪು-ಬಿಳುಪು, 130 ನಿಮಿಷ. ಫ್ರಾಂಕ್ ಕಾಪ್ರಾ ನಿರ್ದೇಶನ, ಜೇಮ್ಸ್ ಸ್ಟೀವರ್ಟ್ ನಾಯಕ. ಬಿಡುಗಡೆಯಾದಾಗ ಹಾಕಿದ ದುಡ್ಡೂ ವಾಪಸ್ ಬರಲಿಲ್ಲ. ಹಾಗಾದರೆ ಮನೆಮಾತಾಗಿದ್ದು ಹೇಗೆ? 1974ರಲ್ಲಿ ಇದರ ಕಾಪಿರೈಟ್ ನವೀಕರಿಸುವುದನ್ನೇ ಮರೆತರು. ನಾವು ಎಸ್‌ಎಸ್‌ಎಲ್ ಸರ್ಟಿಫಿಕೇಟ್ ರಿನ್ಯೂ ಮಾಡೋದು ಮರೆತು ಸೈಟ್ ಮಲಗಿಸ್ತೀವಲ್ಲ, ಹಾಗೇ. ಇಲ್ಲಿ ಮಾತ್ರ ಮರೆವು ವರವಾಯಿತು. ಟಿವಿ ಸ್ಟೇಷನ್‌ಗಳು ಪ್ರತಿ ಡಿಸೆಂಬರ್‌ನಲ್ಲಿ ಮತ್ತೆ ಮತ್ತೆ ಹಾಕಿದವು, ಜನ ಮತ್ತೆ ಮತ್ತೆ ನೋಡಿದರು.

ಇನ್ನೊಂದು ಮಜಾ. ಆಗೆಲ್ಲ ಸಿನಿಮಾದ ಹಿಮ ಅಂದರೆ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್. ಕಾಲಿಟ್ಟರೆ ಕರಕರ ಸದ್ದು. ಈ ತಂಡ ಬೆಂಕಿ ಆರಿಸುವ ನೊರೆಗೆ ಸೋಪು, ಸಕ್ಕರೆ ಬೆರೆಸಿ ಸದ್ದಿಲ್ಲದ ಹಿಮ ಮಾಡಿತು. ಅದಕ್ಕೆ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂತು.

ಕಥೆ ಜಾರ್ಜ್ ಬೈಲಿಯದು. ಊರು ಬಿಟ್ಟು ಪ್ರಪಂಚ ನೋಡಬೇಕೆಂದಿದ್ದವನು ಅಪ್ಪನ ಸಣ್ಣ ಸಾಲದ ಸಂಸ್ಥೆ ನಡೆಸುತ್ತಾ ಅಲ್ಲೇ ಉಳಿಯುತ್ತಾನೆ. ಸಂಸ್ಥೆಯ 8,000 ಡಾಲರ್ ಕಳೆದುಹೋದ ಕ್ರಿಸ್‌ಮಸ್ ಹಿಂದಿನ ರಾತ್ರಿ, ಸಾಯಲೆಂದು ಸೇತುವೆಯ ಮೇಲೆ ನಿಲ್ಲುತ್ತಾನೆ. (ಮನಸ್ಸು ತೀರಾ ಭಾರ ಇರುವಾಗ ಇದನ್ನು ಒಬ್ಬರೇ ನೋಡಬೇಡಿ, ಜೊತೆಗೆ ಯಾರಾದರೂ ಇರಲಿ.) ಕೊನೆಗೆ ಊರಿನವರೆಲ್ಲ ಕೈಲಿದ್ದ ಕಾಸು ತಂದು ಅವನ ಮೇಜಿನ ಮೇಲೆ ಸುರಿಯುತ್ತಾರೆ.

ನಾನು ಪಾಸ್ ಮಾಡಿ ಮಾಡಿ ಕನ್ನಡದಲ್ಲಿ ಹೇಳುತ್ತಿದ್ದೆ. ಆ ಕೊನೆಯ ದೃಶ್ಯದಲ್ಲಿ ಅಮ್ಮನೇ ನಿಲ್ಲಿಸು ಅಂದರು. "ನಿಮ್ಮಪ್ಪ ಹೋದ್ಮೇಲೂ ಹಿಂಗೇ ಬಂದ್ರು."

ಅಪ್ಪನದು ಸೈಕಲ್ ಅಂಗಡಿ. ಪಂಕ್ಚರ್, ಬ್ರೇಕ್ ವೈರು, ಚೈನು. ಅರ್ಧಕ್ಕರ್ಧ ಸಾಲ. ಹದಿನಾಲ್ಕು ದಿನ ಮುಗಿಸಿ ನಾನು ಬೆಂಗಳೂರಿಗೆ ಬಂದ ಮೇಲೆ, ಒಬ್ಬೊಬ್ಬರಾಗಿ ಮನೆ ಬಾಗಿಲಿಗೆ ಬಂದು ಐವತ್ತು, ನೂರು ಕೊಟ್ಟು ಹೋದರಂತೆ. ಬಾಕಿ ಪುಸ್ತಕದಲ್ಲಿ ಹೆಸರೇ ಇಲ್ಲದವರೂ ಬಂದಿದ್ದರಂತೆ. "ಬರ್ಕೊಂಡೇ ಇರ್ಲಿಲ್ಲ ಕಣೋ ನಿಮ್ಮಪ್ಪ." ನಾಲ್ಕು ತಿಂಗಳಿಂದ ದಿನಾ ಫೋನ್ ಮಾಡುತ್ತಿದ್ದ ನನಗೆ ಇದು ಗೊತ್ತೇ ಇರಲಿಲ್ಲ. 'ಊಟ ಆಯ್ತಾ, ಮಾತ್ರೆ ತಗೊಂಡ್ಯಾ' ಬಿಟ್ಟು ನಾನು ಬೇರೇನೂ ಕೇಳಿರಲಿಲ್ಲ.

4. ದಿ ಶಾಪ್ ಅರೌಂಡ್ ದ ಕಾರ್ನರ್ (1940)

ಆಫೀಸಿಗೆ ಹೋಗುವ ಎಲ್ಲರೂ ನೋಡಬೇಕಾದ ಕ್ರಿಸ್‌ಮಸ್ ಚಿತ್ರ. ಇಲ್ಲೂ ಜೇಮ್ಸ್ ಸ್ಟೀವರ್ಟ್, ನಿರ್ದೇಶನ ಅರ್ನ್ಸ್ಟ್ ಲುಬಿಟ್ಷ್. ಬುಡಾಪೆಸ್ಟ್‌ನ ಒಂದು ಅಂಗಡಿ. ಇಬ್ಬರು ಸಹೋದ್ಯೋಗಿಗಳಿಗೆ ದಿನವಿಡೀ ಜಗಳ. ಅದೇ ಇಬ್ಬರು ಹೆಸರು ಗೊತ್ತಿಲ್ಲದೆ ಪತ್ರ ಬರೆದುಕೊಂಡು ಪ್ರೀತಿಸುತ್ತಿರುತ್ತಾರೆ. 1998ರ 'ಯೂ ಹ್ಯಾವ್ ಗಾಟ್ ಮೇಲ್' ಇದರದ್ದೇ ಇಮೇಲ್ ಅವತಾರ.

ನನಗೆ ಪ್ರೇಮಕಥೆಗಿಂತ ಇಷ್ಟವಾದದ್ದು ಅಂಗಡಿ ಮಾಲೀಕ. ಹಬ್ಬದ ರಾತ್ರಿ ಭರ್ಜರಿ ವ್ಯಾಪಾರ ಮುಗಿದು ಎಲ್ಲರೂ ಅವರವರ ಮನೆಗೆ ಹೊರಡುತ್ತಾರೆ. ಅವನಿಗೆ ಮಾತ್ರ ಹೋಗಲು ಮನೆಯಿದೆ, ಮನೆಯಲ್ಲಿ ಜನ ಇಲ್ಲ. ಹಿಮ ಬೀಳುವ ಬೀದಿಯಲ್ಲಿ ನಿಂತು ಒಬ್ಬೊಬ್ಬರನ್ನೂ 'ರಾತ್ರಿ ಏನು ಮಾಡ್ತೀಯ' ಅಂತ ಕೇಳುತ್ತಾನೆ. ಕೊನೆಗೆ ಸಿಗುವವನು ಊರಿನಲ್ಲಿ ಯಾರೂ ಇಲ್ಲದ ಹೊಸ ಹುಡುಗ. ಇಬ್ಬರೂ ಊಟಕ್ಕೆ ಹೋಗುತ್ತಾರೆ. ಎರಡು ನಿಮಿಷದ ದೃಶ್ಯ ಅಷ್ಟೆ. ಮರುದಿನ ನಾನು, ಪಿಜಿಯಲ್ಲಿ ಒಬ್ಬನೇ ಉಳಿದಿದ್ದ ನಮ್ಮ ಟೀಮಿನ ಹೊಸ ಹುಡುಗನನ್ನು ಅವರೆಬೇಳೆ ಸಾರಿಗೆ ಕರೆದೆ. ಮೂರು ಸಲ ಬಡಿಸಿಕೊಂಡ.

5. ಕ್ಲಾಸ್ (2019)

ನೆಟ್‌ಫ್ಲಿಕ್ಸ್‌ನ ಮೊದಲ ಸ್ವಂತ ಆ್ಯನಿಮೇಷನ್ ಚಲನಚಿತ್ರ. ಸ್ಪೇನ್‌ನ ಸೆರ್ಜಿಯೋ ಪಾಬ್ಲೋಸ್ ನಿರ್ದೇಶಕ. ನೋಡಿದರೆ 3ಡಿ ಅನ್ನಿಸುತ್ತೆ, ಆದರೆ ಪಾತ್ರಗಳೆಲ್ಲ ಕೈಯಲ್ಲಿ ಬಿಡಿಸಿದವು. ಬೆಳಕು, ನೆರಳನ್ನು ಅದರ ಮೇಲೆ ತಂತ್ರಾಂಶದಿಂದ ಕೂರಿಸಿದ್ದಾರೆ. ಸೋಮಾರಿ ಪೋಸ್ಟ್‌ಮ್ಯಾನ್‌ಗೆ ಒಂದು ವರ್ಷದಲ್ಲಿ 6,000 ಪತ್ರದ ಟಾರ್ಗೆಟ್. ಅಪ್ರೈಸಲ್ ಬರೆದವರಿಗೆಲ್ಲ ಈ ಸಂಕಟ ಅರ್ಥವಾಗುತ್ತೆ!

ಇದರಲ್ಲಿ ಸಾಮಿ ಭಾಷೆ ಮಾತಾಡುವ ಪುಟ್ಟ ಹುಡುಗಿ ಇದ್ದಾಳೆ. ಅವಳ ಮಾತಿಗೆ ಚಿತ್ರದಲ್ಲಿ ಸಬ್‌ಟೈಟಲ್ ಕೊಟ್ಟಿಲ್ಲ. ಪೋಸ್ಟ್‌ಮ್ಯಾನ್‌ನಂತೆ ನಮಗೂ ಅರ್ಥವಾಗದು, ಆದರೂ ಎಲ್ಲ ಅರ್ಥವಾಗುತ್ತೆ. "ಅಬ್ಬ, ಇವಳು ಮಾತಾಡುವಾಗ ನಿಂಗೂ ತಿಳಿಯಲ್ಲ ತಾನೇ?" ಅಂತ ಅಮ್ಮನಿಗೆ ಒಳಗೊಳಗೇ ಖುಷಿ. ಕ್ಲಾಸ್ ಎಂಬ ದೈತ್ಯ ಮರಗೆಲಸದವ ಹೆಂಡತಿಯನ್ನು ಕಳೆದುಕೊಂಡವನು. ಹುಟ್ಟದೇ ಹೋದ ಮಕ್ಕಳಿಗೆಂದು ಮಾಡಿಟ್ಟ ಆಟಿಕೆಗಳು ಅವನ ಮನೆ ತುಂಬ ಇವೆ. ಆ ಭಾಗ ಬಂದಾಗ ಅಮ್ಮ ಸುಮ್ಮನಾದರು. ನಾನೂ ಪಾಸ್ ಮಾಡಲಿಲ್ಲ. ಮಕ್ಕಳಿರುವ ಮನೆಗೆ ನನ್ನ ಮೊದಲ ಸಲಹೆ ಇದೇ.

6. ದಿ ಹೋಲ್ಡೋವರ್ಸ್ (2023)

ಇದನ್ನು ಅಮ್ಮ ಮಲಗಿದ ಮೇಲೆ ಒಬ್ಬನೇ ನೋಡಿದೆ. ಬೈಗುಳ ಧಾರಾಳವಾಗಿವೆ, ಮಕ್ಕಳ ಜೊತೆ ಬೇಡ. 1970ರ ಡಿಸೆಂಬರ್, ಅಮೆರಿಕದ ಒಂದು ಬೋರ್ಡಿಂಗ್ ಶಾಲೆ. ಎಲ್ಲರೂ ಊರಿಗೆ ಹೋದ ಮೇಲೆ ಉಳಿಯುವವರು ಮೂವರು: ಯಾರಿಗೂ ಇಷ್ಟವಿಲ್ಲದ ಮೇಷ್ಟ್ರು, ತಾಯಿಗೆ ಬೇಡವಾದ ವಿದ್ಯಾರ್ಥಿ, ವಿಯೆಟ್ನಾಂ ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಅಡುಗೆಯ ಮೇರಿ. ಅಲೆಕ್ಸಾಂಡರ್ ಪೇನ್ ನಿರ್ದೇಶನ. ಮೇರಿಯಾಗಿ ನಟಿಸಿದ ಡೇವೈನ್ ಜಾಯ್ ರ‍್ಯಾಂಡಾಲ್ಫ್‌ಗೆ ಪೋಷಕ ನಟಿಯ ಆಸ್ಕರ್ ಬಂತು.

ಮೇರಿ ಹೆಚ್ಚು ಅಳುವುದಿಲ್ಲ. ಅಡುಗೆ ಮಾಡುತ್ತಾಳೆ, ಟಿವಿ ನೋಡುತ್ತಾಳೆ, ಸಿಗರೇಟು ಸೇದುತ್ತಾಳೆ. ಮಗನ ಹಳೇ ಪುಟ್ಟ ಬಟ್ಟೆಗಳನ್ನು ಬಸುರಿ ತಂಗಿಗೆ ಕೊಟ್ಟು ಬರುತ್ತಾಳೆ. ಅಮ್ಮ ಮಾಡುತ್ತಿದ್ದದ್ದೂ ಅದನ್ನೇ ಅಲ್ವಾ? ಬೆಳಗ್ಗೆಯಿಂದ ರಾತ್ರಿವರೆಗೆ ಅವರೆಕಾಳು ಹಿತಕುವುದು. ಕೈಗೆ ಕೆಲಸ ಬೇಕು ಅಷ್ಟೆ.

7. ದಿ ಸ್ನೋಮ್ಯಾನ್ (1982)

ಒಂದೇ ಒಂದು ನೋಡುತ್ತೇನೆ ಅನ್ನುವವರು ಇದನ್ನು ನೋಡಿ. 26 ನಿಮಿಷ. ಬ್ರಿಟನ್‌ನ ಚಾನೆಲ್ 4 ಶುರುವಾದದ್ದು 1982ರ ನವೆಂಬರ್‌ನಲ್ಲಿ. ಅದೇ ವರ್ಷ ಡಿಸೆಂಬರ್ 26ಕ್ಕೆ ಇದು ಪ್ರಸಾರವಾಯಿತು. ರೇಮಂಡ್ ಬ್ರಿಗ್ಸ್ ಅವರ ಮಾತಿಲ್ಲದ ಚಿತ್ರಪುಸ್ತಕ ಇದಕ್ಕೆ ಮೂಲ. ಪುಸ್ತಕದಲ್ಲಿ ಕ್ರಿಸ್‌ಮಸ್ ಇಲ್ಲವೇ ಇಲ್ಲ, ಅದನ್ನು ಸೇರಿಸಿದ್ದು ಚಿತ್ರದವರು. ಆರಂಭದ ನಾಲ್ಕು ಮಾತು, ಹಾರುವಾಗಿನ ಒಂದು ಹಾಡು ಬಿಟ್ಟರೆ ಉಳಿದದ್ದೆಲ್ಲ ಹೊವಾರ್ಡ್ ಬ್ಲೇಕ್ ಅವರ ಸಂಗೀತ. ಬಣ್ಣದ ಪೆನ್ಸಿಲ್‌ನಲ್ಲಿ ತೀಡಿದಂಥ ಚಿತ್ರಗಳು. ಅಮ್ಮನಿಗೆ ಅನುವಾದ ಬೇಕಾಗದ ಏಕೈಕ ಚಿತ್ರ.

ಹುಡುಗ ಹಿಮದ ಮನುಷ್ಯನನ್ನು ಮಾಡುತ್ತಾನೆ. ರಾತ್ರಿ ಅದಕ್ಕೆ ಜೀವ ಬರುತ್ತೆ. ಇಬ್ಬರೂ ಮನೆಯೆಲ್ಲ ಸುತ್ತಿ, ಕೈ ಹಿಡಿದು ಆಕಾಶದಲ್ಲಿ ಹಾರುತ್ತಾರೆ. ಬೆಳಗ್ಗೆ ಬಿಸಿಲು ಬಂದಿರುತ್ತೆ. ಅಂಗಳದಲ್ಲಿ ಟೋಪಿ, ಸ್ವಲ್ಪ ಹಿಮ. ಹುಡುಗನ ಜೇಬಿನಲ್ಲಿ ರಾತ್ರಿ ಸಿಕ್ಕಿದ್ದ ಸ್ಕಾರ್ಫ್. ಸಮಾಧಾನದ ಮಾತು ಯಾರೂ ಹೇಳಲ್ಲ. ಚಿತ್ರ ಅಲ್ಲಿಗೇ ಮುಗಿಯುತ್ತೆ.

ಅಮ್ಮನ ಕೈ ಯಾವಾಗಲೋ ನಿಂತಿತ್ತು. ಅವರೆಕಾಳಿನ ಪಾತ್ರೆ ತೊಡೆಯ ಮೇಲೆ ಹಾಗೇ ಇತ್ತು.

"ಕರಗುತ್ತೆ ಅಂತ ಆ ಹುಡುಗನಿಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು ಅನ್ಸುತ್ತಮ್ಮ."

ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು, ಅಪ್ಪನ ಮಫ್ಲರ್ ಬ್ಯಾಗಿನಲ್ಲಿ ತಂದಿದ್ದೀನಿ, ಬೆಂಗಳೂರು ಚಳಿಗೆ ಹಾಕ್ಕೋ ಅಂದರು. ನಾಲ್ಕು ತಿಂಗಳಲ್ಲಿ ಮೊದಲ ಸಲ ಇಬ್ಬರೂ ಒಟ್ಟಿಗೆ ಅತ್ತೆವು. ಅಪ್ಪ ಟಿವಿ ಸೌಂಡ್ ಎಷ್ಟು ಜೋರಾಗಿ ಇಡುತ್ತಿದ್ದರು, ಕ್ರಿಕೆಟ್ ನೋಡ್ತಾ ಯಾರನ್ನೆಲ್ಲ ಬೈಯುತ್ತಿದ್ದರು ಅಂತ ರಾತ್ರಿ ಹನ್ನೊಂದರವರೆಗೆ ಮಾತಾಡಿದೆವು.

ನೋಡುವ ಮುಂಚೆ

ಚಾರ್ಲಿ ಬ್ರೌನ್ ಆ್ಯಪಲ್‌ನ ಸ್ಟ್ರೀಮಿಂಗ್ ಸೇವೆಯಲ್ಲಿ, ಕ್ಲಾಸ್ ನೆಟ್‌ಫ್ಲಿಕ್ಸ್‌ನಲ್ಲಿ ಸಿಗುತ್ತವೆ. ಉಳಿದವು ಓಟಿಟಿಯಿಂದ ಓಟಿಟಿಗೆ ಮನೆ ಬದಲಿಸುತ್ತಲೇ ಇರುತ್ತವೆ, ಹೆಸರು ಹಾಕಿ ಹುಡುಕಿ. ದೊಡ್ಡವರ ಜೊತೆ ನೋಡುವುದಾದರೆ ಫೋನ್ ಬೇಡ, ಟಿವಿಗೆ ಹಾಕಿ. ಇಂಗ್ಲಿಷ್ ಬರದವರ ಪಕ್ಕದಲ್ಲಿ ಕೂತು ಪಾಸ್ ಮಾಡಿ ಕಥೆ ಹೇಳಿ. ಸಿನಿಮಾ ಎರಡು ಗಂಟೆಯ ಬದಲು ಮೂರು ಗಂಟೆ ಆಗುತ್ತೆ, ಆಗಲಿ ಬಿಡಿ. ನಮ್ಮ ಮನೆಯಲ್ಲಿ ಮಾತು ಶುರುವಾಗಿದ್ದೇ ಪಾಸ್ ಒತ್ತಿದಾಗ.

ಈ ವರ್ಷ ನಾನು ಆನ್‌ಕಾಲ್‌ಗೆ ಕೈ ಎತ್ತಿಲ್ಲ. 24ಕ್ಕೆ ಅರಸೀಕೆರೆಗೆ ಟಿಕೆಟ್ ಆಗಿದೆ. ನಿನ್ನೆ ಅಮ್ಮ ಫೋನ್‌ನಲ್ಲಿ ಕೇಳಿದರು, "ಆ ಹಿಮದ್ದು ಇಲ್ಲಿ ಟಿವಿಯಲ್ಲೂ ಬರುತ್ತೇನೋ? 26 ನಿಮಿಷ ತಾನೇ, ಇನ್ನೊಂದ್ಸಲ ನೋಡೋಣ."